ಡೇಟಾಬೇಸ್ ಆ್ಯಪ್ ಮಾಡೋದು ಕೈಯಾರೆ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಪೈಥಾನ್ ತಕ್ಕಮಟ್ಟಿಗೆ ಬರುತ್ತೆ. ಎಸ್‌ಕ್ಯೂಎಲ್ ವಿಡಿಯೋಗಳನ್ನ ಬೇಕಾದಷ್ಟು ನೋಡಿದೀನಿ, ಸೆಲೆಕ್ಟ್, ಜಾಯಿನ್ ಎಲ್ಲಾ ಬರೀತೀನಿ. ಆದರೆ ಸ್ವಂತಕ್ಕೆ ಒಂದು ಆ್ಯಪ್ ಮಾಡೋಣ ಅಂತ ಕೂತರೆ ಕೈ ಓಡಲ್ಲ. ಪುಸ್ತಕ, ಸದಸ್ಯರು, ಎರವಲು ಇಷ್ಟೇ ಇರೋ ಚಿಕ್ಕ ಲೈಬ್ರರಿ ಆ್ಯಪ್ ಮನಸ್ಸಲ್ಲಿದೆ. ಓಪನ್ ಸೋರ್ಸ್‌ದೇ ಬೇಕು. ಎಸ್‌ಕ್ಯೂಲೈಟ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್, ಲಿಬ್ರೆಆಫೀಸ್ ಬೇಸ್ ಇವುಗಳಲ್ಲಿ ಯಾವುದು ಹಿಡಿಯಲಿ? ಮಾಡಿ ಕಲಿತವರು ದಯವಿಟ್ಟು ಹೇಳಿ.

ಉತ್ತರ: ಎಸ್‌ಕ್ಯೂಲೈಟ್ ಹಿಡೀರಿ, ಇವತ್ತೇ. ಪೈಥಾನ್ ಜೊತೆಗೇ ಬರುತ್ತೆ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದೇ ಫೈಲು. ಪ್ರೋಗ್ರಾಂ ನಿಲ್ಲಿಸಿ ಆ ಫೈಲ್‌ನ ಕಾಪಿ ತೆಗೆದಿಟ್ಟರೆ ಆಮೇಲೆ ಏನು ಬೇಕಾದ್ರೂ ಕೆಡಿಸಬಹುದು. ಕಲಿಯೋರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಮೂರು ಟೇಬಲ್ ಮಾಡಿದ ಮೇಲೆ ಬೇಕಂತಲೇ ತಪ್ಪು ಡೇಟಾ ಹಾಕಿ. ಎರವಲು ಟೇಬಲ್‌ಗೆ ಇಲ್ಲದ ಸದಸ್ಯರ ನಂಬರು, 999 ಅಂತ ಕೊಡಿ. ನೀವು ಫಾರಿನ್ ಕೀ (ಆ ನಂಬರು ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಅನ್ನೋ ನಿಯಮ) ಬರೆದಿದ್ದರೂ ಅದು ತುಟಿಪಿಟಕ್ ಅನ್ನದೆ ಒಪ್ಪಿಕೊಳ್ಳುತ್ತೆ! ಹಳೇ ಪ್ರೋಗ್ರಾಂಗಳು ಮುರಿಯಬಾರದು ಅಂತ ಎಸ್‌ಕ್ಯೂಲೈಟ್‌ನಲ್ಲಿ ಆ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತೆ. ಫಾರಿನ್ ಕೀಸ್ ಅನ್ನೋ ಪ್ರಾಗ್ಮಾವನ್ನ, ಅಂದರೆ ಸೆಟ್ಟಿಂಗನ್ನ, ಪ್ರತಿ ಕನೆಕ್ಷನ್‌ಗೂ ನೀವೇ ಆನ್ ಮಾಡಬೇಕು. ಪುಟಸಂಖ್ಯೆಯ ಇಂಟಿಜರ್ ಕಾಲಂಗೆ ‘ಇನ್ನೂರು’ ಅಂತ ಅಕ್ಷರದಲ್ಲಿ ಬರೆದು ನೋಡಿ, ಅದನ್ನೂ ತಗೊಳ್ಳುತ್ತೆ. ಟೇಬಲ್ ಮಾಡುವಾಗಲೇ ಸ್ಟ್ರಿಕ್ಟ್ ಅಂತ ಸೇರಿಸಿದರೆ ಬೇಡ ಅನ್ನುತ್ತೆ (ಈ ಸೌಲಭ್ಯ ಬಂದಿದ್ದು 2021ರಲ್ಲಿ). ವಿಡಿಯೋದಲ್ಲಿ ಇದನ್ನೆಲ್ಲ ಹತ್ತು ಸಲ ಕೇಳಿದರೂ ತಲೇಲಿ ನಿಲ್ಲಲ್ಲ.

ಇನ್ನೊಬ್ಬರು: ಮೇಲಿನವರ ಮಾತು ಸರಿ, ಆದರೆ ಎಸ್‌ಕ್ಯೂಲೈಟ್‌ನಲ್ಲೇ ಕೂತುಬಿಡಬೇಡಿ. ಅದರಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯೋಕೆ ಆಗೋದು. ಇಬ್ಬರು ಒಂದೇ ಪುಸ್ತಕಕ್ಕೆ ಕೈ ಹಾಕಿದಾಗ ಏನಾಗುತ್ತೆ ಅನ್ನೋದು ಪೋಸ್ಟ್‌ಗ್ರೆಸ್‌ನಲ್ಲಿ ಚೆನ್ನಾಗಿ ಕಣ್ಣಿಗೆ ಕಾಣುತ್ತೆ. ನನ್ನ ಪ್ರಕಾರ ಆ್ಯಪ್ ಬರೆಯೋರು ಮೊದಲು ಮಾಡಬೇಕಾದ ಪ್ರಯೋಗ ಇದೇ.

ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಪ್ರೋಗ್ರಾಂ ಆದ ಪಿಎಸ್‌ಕ್ಯೂಎಲ್‌ನ್ನ ಎರಡು ಟರ್ಮಿನಲ್‌ಗಳಲ್ಲಿ ತೆರೆದು ಅಕ್ಕಪಕ್ಕ ಇಟ್ಟುಕೊಳ್ಳಿ. ಪುಸ್ತಕ ಟೇಬಲ್‌ನಲ್ಲಿ 7ನೇ ನಂಬರಿನ ಪುಸ್ತಕಕ್ಕೆ ‘ಪ್ರತಿ’ ಕಾಲಂನಲ್ಲಿ 1 ಇರಲಿ. ಎರಡೂ ಕಡೆ ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ (ಕಮಿಟ್ ಅಂದರೆ ಒಟ್ಟಿಗೆ ಉಳಿಯೋ, ರೋಲ್‌ಬ್ಯಾಕ್ ಅಂದರೆ ಒಟ್ಟಿಗೆ ರದ್ದಾಗೋ ಕೆಲಸಗಳ ಕಟ್ಟು) ಶುರು ಮಾಡಿ, ಎರಡೂ ಕಡೆ ಸೆಲೆಕ್ಟ್ ಮಾಡಿ. ಇಬ್ಬರಿಗೂ 1 ಅಂತಲೇ ಕಾಣುತ್ತೆ. ಈಗ ಮೊದಲನೆಯದರಲ್ಲಿ ಪ್ರತಿ = 0 ಅಂತ ಅಪ್‌ಡೇಟ್ ಕೊಡಿ. ಎರಡನೆಯದರಲ್ಲೂ ಅದನ್ನೇ ಕೊಡಿ. ಎರಡನೆಯದು ಉಸಿರೆತ್ತದೆ ನಿಂತುಬಿಡುತ್ತೆ, ಕರ್ಸರ್ ಅಲ್ಲೇ ಮಿನುಗ್ತಾ ಇರುತ್ತೆ. ಮೊದಲನೆಯದರಲ್ಲಿ ಕಮಿಟ್ ಒತ್ತಿದ ಕ್ಷಣಕ್ಕೆ ಅದೂ ಮುಂದೆ ಹೋಗಿ ‘ಅಪ್‌ಡೇಟ್ 1’ ಅನ್ನುತ್ತೆ. ಎಲ್ಲೂ ಎರರ್ ಇಲ್ಲ. ಆದರೆ ಇದ್ದದ್ದು ಒಂದೇ ಪ್ರತಿ, ಎರವಲು ಕೊಟ್ಟಿದ್ದು ಇಬ್ಬರಿಗೆ.

ಪ್ರತಿಯನ್ನ ಮತ್ತೆ 1 ಮಾಡಿ, ಅಪ್‌ಡೇಟ್ ಬದಲಿಸಿ: ಪ್ರತಿ = ಪ್ರತಿ - 1, ಷರತ್ತಿನಲ್ಲಿ ಪ್ರತಿ > 0. ಓಡಿಸೋ ಮುಂಚೆ ಏನಾಗಬಹುದು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇದನ್ನ ತಪ್ಪಿಸಬೇಡಿ. ಈ ಸಲ ಎರಡನೆಯದು ಕಾಯ್ದು, ಮೊದಲನೆಯದು ಕಮಿಟ್ ಆದಮೇಲೆ ‘ಪ್ರತಿ’ಯ ಹೊಸ ಸಂಖ್ಯೆ ಇಟ್ಟುಕೊಂಡು ಷರತ್ತನ್ನ ಇನ್ನೊಮ್ಮೆ ನೋಡಿ ‘ಅಪ್‌ಡೇಟ್ 0’ ಅನ್ನುತ್ತೆ. ಇದು ಪೋಸ್ಟ್‌ಗ್ರೆಸ್‌ನ ಮಾಮೂಲಿ ಐಸೊಲೇಷನ್ ಮಟ್ಟವಾದ (ಒಟ್ಟಿಗೆ ಓಡೋ ಟ್ರಾನ್ಸಾಕ್ಷನ್‌ಗಳಿಗೆ ಒಂದರ ಬದಲಾವಣೆ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನೋ ಮಟ್ಟ) ರೀಡ್ ಕಮಿಟೆಡ್‌ನ ನಡವಳಿಕೆ. ಅದಕ್ಕಿಂತ ಬಿಗಿಯಾದ ರಿಪೀಟಬಲ್ ರೀಡ್‌ಗೆ ಬದಲಿಸಿ ಅದನ್ನೇ ಮಾಡಿದರೆ ಎರಡನೆಯದಕ್ಕೆ ಸೀರಿಯಲೈಸ್ ಮಾಡಲಾಗದು ಅನ್ನೋ ಎರರ್ ಬರುತ್ತೆ. ಆಗ ಇಡೀ ಟ್ರಾನ್ಸಾಕ್ಷನ್ ಮತ್ತೆ ಮೊದಲಿಂದ ಓಡಿಸೋ ಕೆಲಸ ನಿಮ್ಮ ಕೋಡ್‌ನದು.

ಪ್ರಶ್ನೆ ಕೇಳಿದವರು: ಹಾಗಾದ್ರೆ ಪ್ರತಿಗಳ ಲೆಕ್ಕಾನ ಕಾಲಂನಲ್ಲಿ ಇಡೋದೇ ತಪ್ಪಾ?

ಮೇಲಿನವರೇ: ತಪ್ಪು ಅನ್ನಲ್ಲ, ಆದರೆ ಈ ಆ್ಯಪ್‌ಗೆ ಬೇಕಿಲ್ಲ. ಪ್ರತಿಯೊಂದು ಪ್ರತಿಗೂ ಒಂದು ಸಾಲು ಇಡಿ. ಎರವಲು ಟೇಬಲ್‌ನಲ್ಲಿ ವಾಪಸ್ ತಾರೀಕು ನಲ್ (ಖಾಲಿ) ಇದ್ದರೆ ಪುಸ್ತಕ ಹೊರಗಿದೆ ಅಂತರ್ಥ. ಆಮೇಲೆ ಪ್ರತಿಯ ನಂಬರಿನ ಮೇಲೆ ಒಂದು ಯೂನಿಕ್ ಇಂಡೆಕ್ಸ್ (ಒಂದೇ ನಂಬರು ಎರಡು ಸಲ ಬಾರದ ಹಾಗೆ ತಡೆಯೋದು), ಅದಕ್ಕೆ ‘ವಾಪಸ್ ತಾರೀಕು ನಲ್ ಆಗಿದ್ದರೆ ಮಾತ್ರ’ ಅಂತ ಷರತ್ತು. ಒಂದು ಪ್ರತಿ ಇಬ್ಬರ ಹೆಸರಲ್ಲಿ ಇರೋಕೆ ಡೇಟಾಬೇಸೇ ಬಿಡಲ್ಲ, ನಿಮ್ಮ ಪೈಥಾನ್ ಎಷ್ಟೇ ಎಡವಟ್ಟಾಗಿದ್ದರೂ. ಎಸ್‌ಕ್ಯೂಲೈಟ್‌ನಲ್ಲೂ ಇದು ನಡೆಯುತ್ತೆ.

ಮತ್ತೊಬ್ಬರು: ಲಿಬ್ರೆಆಫೀಸ್ ಬೇಸ್ ಬಗ್ಗೆ ಯಾರೂ ಹೇಳಲಿಲ್ಲ. ಕೋಡ್ ಬರೆಯದೆ ಫಾರ್ಮ್, ರಿಪೋರ್ಟ್ ಮಾಡೋಕೆ ಅಡ್ಡಿಯಿಲ್ಲ. ಅದರ ಒಳಗಿನ ಡೇಟಾಬೇಸ್‌ನಲ್ಲೇ ಡೇಟಾ ಇಟ್ಟರೆ ಎಲ್ಲಾ ಒಂದೇ ಜಿಪ್ ಫೈಲ್‌ನೊಳಗೆ ಸೇರಿರುತ್ತೆ, ಫೈಲ್ ಕೆಟ್ಟರೆ ಎಲ್ಲಾ ಹೋಯ್ತು. ಡೇಟಾ ಪೋಸ್ಟ್‌ಗ್ರೆಸ್‌ನಲ್ಲಿರಲಿ, ಬೇಸ್ ಬರೀ ಮುಖ ಆಗಿರಲಿ.

ಮರಿಯಾಡಿಬಿ, ಅಂದರೆ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದದ್ದು, ಅದೂ ಒಳ್ಳೇದೇ. ಒಂದು ವ್ಯತ್ಯಾಸ ಮಾತ್ರ ಕೈಯಾರೆ ಮಾಡಿ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಬಿಗಿನ್ ಕೊಟ್ಟು, ಆಲ್ಟರ್ ಟೇಬಲ್‌ನಿಂದ ಕಾಲಂ ಸೇರಿಸಿ, ರೋಲ್‌ಬ್ಯಾಕ್ ಮಾಡಿದರೆ ಟೇಬಲ್ ಮೊದಲಿನ ಹಾಗೇ. ಮರಿಯಾಡಿಬಿಯಲ್ಲಿ ಆಲ್ಟರ್ ಬಂದ ಕೂಡಲೇ ತಾನಾಗೇ ಕಮಿಟ್ ಆಗುತ್ತೆ, ರೋಲ್‌ಬ್ಯಾಕ್‌ಗೆ ಅಲ್ಲಿ ಕೆಲಸ ಇಲ್ಲ. ದಿನಕ್ಕೊಂದು ಸಲ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಿಸೋ ಕಲಿಕೆಯ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಉತ್ತರ: ಹತ್ತು ಸಾಲಿನ ಟೇಬಲ್‌ನಲ್ಲಿ ಎಲ್ಲಾ ಕ್ವೆರಿಯೂ ಮಿಂಚು. ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್ ಬಳಸಿ ಎರವಲು ಟೇಬಲ್‌ಗೆ 10 ಲಕ್ಷ ಸಾಲು ತುಂಬಿ. ಮೇಲೆ ಹೇಳಿದ ಯೂನಿಕ್ ಇಂಡೆಕ್ಸ್ ಇದ್ದರೆ ವಾಪಸ್ ತಾರೀಕು ಸಹಿತ ತುಂಬಿ, ಇಲ್ಲದಿದ್ರೆ ಅದೇ ಅಡ್ಡ ನಿಲ್ಲುತ್ತೆ. ಟೇಬಲ್‌ನ ಅಂಕಿಅಂಶ ಹೊಸದು ಮಾಡೋಕೆ ಅನಲೈಸ್ ಓಡಿಸಿ, ಆಮೇಲೆ ಒಬ್ಬ ಸದಸ್ಯರ ಎರವಲು ಹುಡುಕೋ ಕ್ವೆರಿಗೆ ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸೋ ಎಕ್ಸ್‌ಪ್ಲೇನ್ ಅನಲೈಸ್ ಸೇರಿಸಿ. ಸೀಕ್ವೆನ್ಷಿಯಲ್ ಸ್ಕ್ಯಾನ್ ಅಂತ ಬರುತ್ತೆ, ಅಂದರೆ ಇಡೀ ಟೇಬಲ್‌ನ ಸಾಲುಸಾಲಾಗಿ ಓದ್ತಿದೆ. ಫಾರಿನ್ ಕೀ ಬರೆದರೆ ಆ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕೋ ಸೂಚಿ) ತಾನಾಗೇ ಬರುತ್ತೆ ಅಂತ ತುಂಬ ಜನ ಅಂದ್ಕೊಂಡಿರ್ತಾರೆ, ಪೋಸ್ಟ್‌ಗ್ರೆಸ್‌ನಲ್ಲಿ ಬರಲ್ಲ. ನೀವೇ ಹಾಕಿ, ಮತ್ತೆ ನೋಡಿ. ಎಕ್ಸ್‌ಪ್ಲೇನ್ ಅನಲೈಸ್ ಕ್ವೆರಿಯನ್ನ ನಿಜವಾಗಿಯೂ ಓಡಿಸುತ್ತೆ ಅನ್ನೋದು ನೆನಪಿರಲಿ. ಡಿಲೀಟ್ ಮುಂದೆ ಹಾಕಿದರೆ ಸಾಲುಗಳು ಹೋಗುತ್ತವೆ, ಬಿಗಿನ್-ರೋಲ್‌ಬ್ಯಾಕ್ ನಡುವೆ ಇಟ್ಟು ಮಾಡಿ.

ಪೈಥಾನ್‌ನಲ್ಲಿ ಸ್ಟ್ರಿಂಗ್ ಜೋಡಿಸಿ ಕ್ವೆರಿ ಕಟ್ಟಬೇಡಿ, ಪ್ಲೇಸ್‌ಹೋಲ್ಡರ್ (ಡೇಟಾದ ಜಾಗ ಹಿಡಿಯೋ ಗುರುತು) ಬಳಸಿ. ಯಾಕೆ ಅಂತ ಗೊತ್ತಾಗಬೇಕಾದ್ರೆ ಸದಸ್ಯರ ಹೆಸರಿನಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಸೇವ್ ಮಾಡಿ ನೋಡಿ. ಓಆರ್‌ಎಂ (ಟೇಬಲ್‌ಗಳನ್ನ ಪೈಥಾನ್ ಆಬ್ಜೆಕ್ಟ್‌ಗಳಾಗಿ ತೋರಿಸಿ ಕ್ವೆರಿ ತಾನೇ ಬರೆಯೋ ಸಾಧನ) ಶುರು ಮಾಡಿದ ದಿನ ಸರ್ವರ್‌ನ ಕ್ವೆರಿ ಲಾಗ್ ಆನ್ ಮಾಡಿ. ಒಂದು ಪುಟ ತೆರೆಯೋಕೆ ಅದು ಹಿಂದೆ ಎಷ್ಟು ಕ್ವೆರಿ ಕಳಿಸ್ತಿದೆ ಅಂತ ನೋಡಿದರೆ ದಿಗಿಲಾಗುತ್ತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಎರಡು ಟರ್ಮಿನಲ್ ಪ್ರಯೋಗ ಹೇಳಿದ ಹಾಗೇ ಬಂತು. ಆದರೆ ಪೈಥಾನ್‌ನಿಂದ ಇನ್ಸರ್ಟ್ ಮಾಡಿದರೆ ಎರರ್ ಇಲ್ಲ, ಪಿಎಸ್‌ಕ್ಯೂಎಲ್‌ನಲ್ಲಿ ನೋಡಿದರೆ ಟೇಬಲ್ ಖಾಲಿ!

ಉತ್ತರ: ಕಮಿಟ್ ಆಗಿಲ್ಲ ಅನ್ಸುತ್ತೆ. ಪೈಥಾನ್‌ನ ಪೋಸ್ಟ್‌ಗ್ರೆಸ್‌ಗೆ ಜೋಡಿಸೋ ಸೈಕಾಪಿಜಿ ಮೊದಲ ಕ್ವೆರಿಗೇ ಟ್ರಾನ್ಸಾಕ್ಷನ್ ತೆರೆಯುತ್ತೆ, ನೀವು ಕಮಿಟ್ ಕರೆಯದೆ ಕನೆಕ್ಷನ್ ಮುಚ್ಚಿದರೆ ಎಲ್ಲಾ ವಾಪಸ್. ಸರಿಮಾಡೋ ಮುಂಚೆ, ಇನ್ಸರ್ಟ್ ಆದಮೇಲೆ ಪ್ರೋಗ್ರಾಂ ಒಂದು ನಿಮಿಷ ಸ್ಲೀಪ್ ಮಾಡೋ ಹಾಗೆ ಬರೆದು, ಆ ಹೊತ್ತಲ್ಲಿ ಪಿಎಸ್‌ಕ್ಯೂಎಲ್‌ನಲ್ಲಿ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ವ್ಯೂ ನೋಡಿ. ನಿಮ್ಮ ಕನೆಕ್ಷನ್ ಎದುರು ಸ್ಟೇಟ್ ಕಾಲಂನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಇರುತ್ತೆ. ಮುಂದೆ ಯಾವಾಗಲಾದ್ರೂ ಆ್ಯಪ್ ಕಾರಣ ಇಲ್ಲದೆ ನಿಂತುಹೋದರೆ ಮೊದಲು ನೋಡಬೇಕಾದ ಜಾಗ ಅದು.