ಮನೆ ಬಾಡಿಗೆ, ಆಟೋ ಬಾಡಿಗೆ, ಶಾಮಿಯಾನ ಬಾಡಿಗೆ: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ?

ಕಡತವಾಸಿ:
ಸಂಘದ ಖರ್ಚಿನ ಪಟ್ಟಿಯನ್ನು ಇಂಗ್ಲಿಷಿಗೆ ತರಬೇಕಿದೆ. ಕಚೇರಿ ಬಾಡಿಗೆ, ಆಟೋ ಬಾಡಿಗೆ, ಸಾಮಾನು ತಂದ ಟೆಂಪೋ ಬಾಡಿಗೆ, ಶಾಮಿಯಾನ ಮತ್ತು ಕುರ್ಚಿ ಬಾಡಿಗೆ, ಬ್ಯಾಂಕ್ ಲಾಕರ್ ಬಾಡಿಗೆ. ಎಲ್ಲಕ್ಕೂ ‘ರೆಂಟ್’ ಅಂತ ಹಾಕಬಹುದಾ? ಫೇರ್, ಹೈರ್, ಫ್ರೇಟ್, ಚಾರ್ಜ್ ಇವುಗಳಲ್ಲಿ ಯಾವುದು ಎಲ್ಲಿಗೆ?

ಪದಬಿಡಿಸು:
ಎಲ್ಲಕ್ಕೂ ರೆಂಟ್ ಬೇಡ. ದುಡ್ಡು ಕೊಟ್ಟು ಪಡೆದದ್ದೇನು ಅಂತ ನೋಡಿ. ಇಷ್ಟು ಕಾಲ ಅಂತ ಒಂದು ಜಾಗ ನಿಮ್ಮ ವಶದಲ್ಲಿದ್ದರೆ ರೆಂಟ್. ಕಚೇರಿ, ಲಾಕರ್ ಎರಡೂ ಇಲ್ಲಿಗೇ. ಬ್ಯಾಂಕಿನವರು ಬರೆಯುವುದೂ ‘ಲಾಕರ್ ರೆಂಟ್’ ಅಂತಲೇ.

ಆಟೋ ನಿಮ್ಮ ವಶಕ್ಕೆ ಬರುವುದಿಲ್ಲ, ಅದು ನಿಮ್ಮನ್ನು ಒಯ್ಯುತ್ತದೆ. ಜನರನ್ನು ಒಯ್ದದ್ದಕ್ಕೆ ಫೇರ್, ಸರಕು ಒಯ್ದದ್ದಕ್ಕೆ ಫ್ರೇಟ್. ಟೆಂಪೋ ಒಂದು ಟ್ರಿಪ್ ಸಾಮಾನು ತಂದಿದ್ದರೆ ಫ್ರೇಟ್. ಇಡೀ ದಿನಕ್ಕೆ ಗೊತ್ತು ಮಾಡಿಕೊಂಡಿದ್ದರೆ ‘ಹೈರ್ ಚಾರ್ಜಸ್’. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳಿಗೂ ಅದೇ. ಅಮೆರಿಕದವರಾದರೆ ‘ರೆಂಟಲ್’ ಅನ್ನುತ್ತಾರೆ.

ಚಾರ್ಜ್ ವಿಷಯಕ್ಕೆ ಆಟೋ ಮೀಟರನ್ನೇ ನೋಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18 ರೂ. 5 ಕಿ.ಮೀ. ಹೋದರೆ 36ಕ್ಕೆ 54 ಸೇರಿ 90. ಈ 90 ಫೇರ್. ನಡುವೆ ಕಾಯಿಸಿದ್ದಕ್ಕೆ ಮೇಲೆ ಸೇರುವುದು ವೇಟಿಂಗ್ ಚಾರ್ಜ್. ನಾವು ‘ಬಸ್ ಚಾರ್ಜ್ ಎಷ್ಟು’ ಅಂತ ಕೇಳುವುದು ಕನ್ನಡದ ರೂಢಿ, ಮಾತಿನಲ್ಲಿ ಇರಲಿ. ಬರಹದ ಇಂಗ್ಲಿಷಿನಲ್ಲಿ ಅದು ‘ಬಸ್ ಫೇರ್’.

ತಿದ್ದುಪಡಿ:
ಫೇರ್ ಬರೆಯುವಾಗ ಕಾಗುಣಿತ ನೋಡಿಕೊಳ್ಳಿ: ಎಫ್, ಎ, ಆರ್, ಇ. ನಡುವೆ ಐ ಬಂದು ಆರ್‌ಗೆ ಮುಗಿದರೆ ಅದು ಜಾತ್ರೆ, ಇಲ್ಲವೇ ‘ನ್ಯಾಯವಾದ’. ಎರಡೂ ಸರಿಯಾದ ಪದಗಳಾದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಹಾಕದೆ ಬಿಟ್ಟುಬಿಡಬಹುದು.

ಇನ್ನೊಂದು ತಮಾಷೆ. ನಮ್ಮ ಡ್ರೈವರುಗಳು ‘ಏರ್‌ಪೋರ್ಟ್ ಬಾಡಿಗೆ ಇದೆ’ ಅಂದಾಗ ಬಾಡಿಗೆ ಅಂದರೆ ದುಡ್ಡಲ್ಲ, ಟ್ರಿಪ್. ಇಂಗ್ಲಿಷಿನ ಟ್ಯಾಕ್ಸಿಯವರ ಬಾಯಲ್ಲಿ ಫೇರ್ ಕೂಡ ಹಾಗೇ ಜಾರುತ್ತದೆ, ಆದರೆ ಟ್ರಿಪ್ಪಿಗಲ್ಲ, ಹತ್ತಿದ ಪ್ರಯಾಣಿಕನಿಗೆ.

ಕರಾರುಪತ್ರ:
ಕಚೇರಿ ‘ಲೀಸ್’ಗೆ ಇದ್ದರೆ ಹುಷಾರು, ನಿಜವಾದ ಎಡವಟ್ಟು ಅಲ್ಲೇ ಆಗುವುದು. ನಮ್ಮಲ್ಲಿ ಲೀಸ್ ಅಂದರೆ ಭೋಗ್ಯ: ಒಂದೇ ಗಂಟು ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸ್. ಇಂಗ್ಲಿಷಿನ ಲೀಸ್‌ಗೆ ಈ ಅರ್ಥವಿಲ್ಲ. ಅದು ಕರಾರಿನ ಹೆಸರು, ರೆಂಟ್ ಆ ಕರಾರಿನಡಿ ಕೊಡುವ ಹಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಮಿನಲ್ಲೂ ಹೀಗೆಯೇ: ಹಕ್ಕಿಗೆ ಬೆಲೆಯಾಗಿ ಕೊಡುವುದು ಪ್ರೀಮಿಯಂ, ಕಾಲಕಾಲಕ್ಕೆ ಸಲ್ಲಿಸುವುದು ರೆಂಟ್. ಹಾಗಾಗಿ ‘ಲೀಸ್ ಅಮೌಂಟ್’ ಅಂತ ಬರೆದರೆ ಹೊರಗಿನವರು ಅದನ್ನು ಬಾಡಿಗೆ ಅಂದುಕೊಂಡು ಖರ್ಚಿಗೆ ಸೇರಿಸಿಯಾರು. ವಾಪಸ್ ಬರುವ ದುಡ್ಡು ಖರ್ಚಲ್ಲ. ‘ರಿಫಂಡಬಲ್ ಡಿಪಾಸಿಟ್’ ಅಂತ ಬರೆದು ಬೇರೆ ತಲೆಬರಹದಡಿ ತೋರಿಸಿ.

ಕಡತವಾಸಿ:
ಭೋಗ್ಯವೇ! ಖರ್ಚಿನ ಪಟ್ಟಿಯಿಂದ ತೆಗೆದೆ. ಸಭೆಗೆ ಒಂದು ದಿನ ಕಲ್ಯಾಣ ಮಂಟಪ ತಗೊಂಡದ್ದೂ ಇದೆ. ಜಾಗ ಆದ್ದರಿಂದ ರೆಂಟ್ ತಾನೇ?

ಪದಬಿಡಿಸು:
ನಮ್ಮ ಕಡೆ ‘ಹಾಲ್ ರೆಂಟ್’ ನಡೆಯುತ್ತದೆ, ಯಾರೂ ಆಕ್ಷೇಪಿಸುವುದಿಲ್ಲ. ಬ್ರಿಟನ್ನಿನವರು ಓದುವುದಾದರೆ ‘ಹಾಲ್ ಹೈರ್’ ಅನ್ನಿ. ಜಾಗವೇ ಆದರೂ ಕೆಲವು ಗಂಟೆ, ಒಂದು ದಿನದ ಮಟ್ಟಿಗಾದರೆ ಅವರಿಗೆ ಅದು ಹೈರ್. ಮಂಟಪದವರು ಕರೆಂಟು, ಕ್ಲೀನಿಂಗ್ ಅಂತ ಬೇರೆ ಹಾಕಿದ್ದರೆ ಅವು ಮಾತ್ರ ಚಾರ್ಜಸ್.