ಪಿನ್ ಕೋಡ್ ತಿದ್ದಿದರೂ ಕೆಂಪು ಗೆರೆ ಹೋಗುತ್ತಿಲ್ಲ

ತುಂಗಾತೀರ (ತೀರ್ಥಹಳ್ಳಿ): ನಮ್ಮ ಭಾಗದ ಅಡಿಕೆ ಬೆಳೆಗಾರರ ನೋಂದಣಿಗೆಂದು ಒಂದು ವೆಬ್ ಫಾರಂ ಮಾಡಿದ್ದೇನೆ. ಪಿನ್ ಕೋಡಿಗೆ ಐದೇ ಅಂಕಿ ಬರೆದು ಕಳುಹಿಸಿದರೆ ಕೆಂಪು ಗೆರೆ ಬರುತ್ತದೆ, ಅದು ಸರಿಯೇ. ಆದರೆ 577432 ಎಂದು ತಿದ್ದಿದ ಮೇಲೂ ಗೆರೆ ಹೋಗುವುದಿಲ್ಲ, ಬಟನ್ ಒತ್ತಿದರೆ ಹಳೆಯ ಸಂದೇಶವೇ ಮತ್ತೆ ಕಾಣಿಸುತ್ತದೆ. ಮೂರು ಸಂಜೆ ಇದರಲ್ಲೇ ಕಳೆದಿವೆ, ದಯವಿಟ್ಟು ದಾರಿ ತೋರಿಸಿ.

ಶರಾವತಿ (ಸಾಗರ): ಇದು ಪುಟದ ಬಣ್ಣ, ರೂಪ ನಿರ್ಧರಿಸುವ ಸಿಎಸ್‌ಎಸ್‌ ತೊಂದರೆ. ಕೆಂಪಿನ ನಿಯಮ ಉಳಿದ ನಿಯಮಗಳನ್ನು ಮೀರಿ ನಿಂತಿದೆ. ಕ್ರಮ ಬದಲಿಸಿ, ಕ್ಯಾಶೆ (ಬ್ರೌಸರ್ ಉಳಿಸಿಕೊಂಡ ಹಳೆಯ ಪ್ರತಿ) ಅಳಿಸಿ ನೋಡಿ.

ತುಂಗಾತೀರ: ಎರಡನ್ನೂ ಮಾಡಿದೆ, ಪ್ರಯೋಜನವಾಗಲಿಲ್ಲ.

ಶರಾವತಿ: ಹಾಗಾದರೆ ಕ್ಯಾಶೆ ಪೂರ್ತಿ ಅಳಿದಿಲ್ಲ. ಬೇರೆ ಬ್ರೌಸರಿನಲ್ಲಿ ತೆರೆಯಿರಿ.

ಕುಂದಾದ್ರಿ: ಕೆಂಪು ಬಣ್ಣವೊಂದನ್ನೇ ನಂಬಬೇಡಿ. ಕೆಂಪು ಹಸಿರು ಬೇರ್ಪಡಿಸಲಾಗದ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. ತಪ್ಪೇನೆಂದು ಚೌಕದ ಕೆಳಗೆ ಅಕ್ಷರದಲ್ಲಿಯೂ ಬರೆಯಬೇಕು.

ಶರಾವತಿ: ಅದು ಬೇರೆ ಚರ್ಚೆ, ಸರ್. ಇಲ್ಲಿನ ಪ್ರಶ್ನೆ ಗೆರೆ ಹೋಗದಿರುವುದು.

ಕುಂದಾದ್ರಿ: ಗೆರೆ ಕಾಣದವರಿಗೆ ಅದು ಹೋದರೇನು, ಉಳಿದರೇನು? ಇದೂ ಅದೇ ಪ್ರಶ್ನೆಯೇ.

ಕೊಡಚಾದ್ರಿ (ಹೊಸನಗರ): ಹಳೆಯ ಸಂದೇಶವೇ ಮರಳಿ ಬರುತ್ತಿದೆ ಎಂದಮೇಲೆ ಇದು ಬರಿಯ ಬಣ್ಣದ ವಿಷಯವಲ್ಲ. ಸಂದೇಶವನ್ನು ಹೇಗೆ ಹಾಕಿದ್ದೀರಿ, ಎಲ್ಲಿ ಅಳಿಸುತ್ತಿದ್ದೀರಿ?

ತುಂಗಾತೀರ: ಎಲ್ಲರೂ ಮಾಡುವಂತೆ, ಚೌಕಕ್ಕೆ ನಮ್ಮದೇ ತಪ್ಪಿನ ಸಂದೇಶ ಕೊಡುವ ಸೆಟ್‌ಕಸ್ಟಮ್‌ವ್ಯಾಲಿಡಿಟಿಯಿಂದ ಹಾಕಿದ್ದೇನೆ. ಫಾರಂ ಕಳುಹಿಸುವಾಗ ಓಡುವ ಸಬ್ಮಿಟ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಅಳಿಸುತ್ತೇನೆ.

ಕೊಡಚಾದ್ರಿ: ತೊಡಕು ಅಲ್ಲಿಯೇ ಇದೆ. ಹಾಗೆ ಹಾಕಿದ ಸಂದೇಶವನ್ನು ನಾವೇ ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ) ಕೊಟ್ಟು ಅಳಿಸುವವರೆಗೂ, ಒಳಗಿನ ಅಂಕಿ ಎಷ್ಟೇ ಸರಿಯಿದ್ದರೂ, ಬ್ರೌಸರ್ ಆ ಚೌಕವನ್ನು ತಪ್ಪೆಂದೇ ಎಣಿಸುತ್ತದೆ. ತಪ್ಪಿರುವ ಫಾರಂನಲ್ಲಿ ಬಟನ್ ಒತ್ತಿದರೆ ಸಬ್ಮಿಟ್ ಈವೆಂಟ್ (ಫಾರಂ ಕಳುಹಿಸುವ ಸೂಚನೆ) ಹುಟ್ಟುವುದೇ ಇಲ್ಲ, ಆದ್ದರಿಂದ ಎರಡನೆಯ ಸಲ ನಿಮ್ಮ ಅಳಿಸುವ ಸಾಲಿಗೆ ಓಡುವ ಅವಕಾಶವೇ ಸಿಗುವುದಿಲ್ಲ. ಆ ಸಾಲನ್ನು, ಚೌಕದಲ್ಲಿ ಏನಾದರೂ ತಿದ್ದಿದಾಗಲೆಲ್ಲ ಹುಟ್ಟುವ ಇನ್‌ಪುಟ್ ಈವೆಂಟಿಗೆ ಕಟ್ಟಿ. ಒಂದು ಅಕ್ಷರ ತಿದ್ದಿದ ಕೂಡಲೇ ಗೆರೆ ಮಾಯವಾಗುತ್ತದೆ, ಮುಂದಿನ ಪರೀಕ್ಷೆ ಸಬ್ಮಿಟ್‌ನಲ್ಲಿ ನಡೆಯಲಿ.

ಶರಾವತಿ: ಬ್ರೌಸರಿನ ತಡೆಯನ್ನೇ ನೋವ್ಯಾಲಿಡೇಟ್‌ನಿಂದ ನಿಲ್ಲಿಸಿದರೂ ಆಗುತ್ತದೆ.

ಕೊಡಚಾದ್ರಿ: ಆಗುತ್ತದೆ, ಆದರೆ ಆಗ ಸಂದೇಶ ತೋರಿಸುವ ಹೊಣೆ ಪೂರ್ತಿ ನಮ್ಮದಾಗುತ್ತದೆ.

ತುಂಗಾತೀರ: ಇನ್‌ಪುಟ್ ಈವೆಂಟಿಗೆ ಕಟ್ಟಿದೆ, ಗೆರೆ ಹೋಯಿತು, ತುಂಬಾ ಧನ್ಯವಾದಗಳು. ಕುಂದಾದ್ರಿಯವರು ಹೇಳಿದಂತೆ ಕೆಳಗೆ ಅಕ್ಷರದಲ್ಲಿಯೂ ಬರೆದೆ. ಈಗ ಇನ್ನೊಂದು ತೊಂದರೆ: ತಂದೆಯವರು ಫೋನಿನಲ್ಲಿ ೫೭೭೪೩೨ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಅದನ್ನೂ ತಪ್ಪೆನ್ನುತ್ತದೆ.

ಕೊಡಚಾದ್ರಿ: ಬರೆದದ್ದು ಅಂಕಿಯೇ ಎಂದು ಪರೀಕ್ಷಿಸುವ ಜಾವಾಸ್ಕ್ರಿಪ್ಟಿನ \d ಚಿಹ್ನೆ 0ರಿಂದ 9ರವರೆಗಿನವನ್ನು ಮಾತ್ರ ಬಲ್ಲದು. ಕನ್ನಡ ಅಂಕಿ ಬರೆದವರನ್ನು ತಪ್ಪಿತಸ್ಥರಾಗಿಸುವುದು ನ್ಯಾಯವಲ್ಲ. ಪರೀಕ್ಷಿಸುವ ಮುನ್ನ ಆ ಅಂಕಿಗಳನ್ನು ನೀವೇ 0ರಿಂದ 9ರ ಅಂಕಿಗಳಿಗೆ ಬದಲಿಸಿಕೊಳ್ಳಿ.