ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಹೋದರೆ ಹಳೆಯ ಟಿಕೆಟ್ ಹಿಂದೆಯೇ ಬರುತ್ತಾ?

ಪ್ರಶ್ನೆ: ನನ್ನದು ನ್ಯೂಜೆರ್ಸಿ ಲೈಸೆನ್ಸ್. ಪೆನ್ಸಿಲ್ವೇನಿಯಾದಲ್ಲಿ ಬಿದ್ದ ಸ್ಪೀಡಿಂಗ್ ಟಿಕೆಟ್ ಇನ್ನೂ ಕಟ್ಟಿಲ್ಲ. ಮುಂದಿನ ತಿಂಗಳು ಟೆಕ್ಸಾಸ್‌ಗೆ ಹೋಗ್ತಿದ್ದೀವಿ. ಅಲ್ಲಿ ಹೊಸ ಲೈಸೆನ್ಸ್ ಮಾಡಿಸಿದ್ರೆ ರೆಕಾರ್ಡ್ ಹೊಸದಾಗಿ ಶುರುವಾಗುತ್ತೆ ಅಂತಾರೆ, ನಿಜಾನಾ ಸರ್?

ಉತ್ತರ (ವಾಹನ ವಿಮೆ ಏಜೆಂಟ್): ಪಾಯಿಂಟ್ (ಟ್ರಾಫಿಕ್ ತಪ್ಪಿಗೆ ಲೈಸೆನ್ಸ್ ದಾಖಲೆ ಮೇಲೆ ಹಾಕೋ ಅಂಕ) ಲೆಕ್ಕ ಆಯಾ ರಾಜ್ಯದ್ದು. ಹೊರರಾಜ್ಯದ ಇಂಥ ತಪ್ಪಿಗೆ ನ್ಯೂಜೆರ್ಸಿ 2 ಪಾಯಿಂಟ್ ಹಾಕುತ್ತೆ, ನ್ಯೂಯಾರ್ಕ್ ಸಾಮಾನ್ಯವಾಗಿ ಹಾಕಲ್ಲ. ಟೆಕ್ಸಾಸ್ ತನ್ನ ಪಾಯಿಂಟ್ ದಂಡದ ಪದ್ಧತಿಯನ್ನೇ 2019ರಲ್ಲಿ ತೆಗೆದುಹಾಕಿತು. ಆದರೆ ತಪ್ಪು ಸಾಬೀತಾದ ದಾಖಲೆ ಎಲ್ಲೂ ಹೋಗಲ್ಲ. ವಿಮಾ ಕಂಪನಿ ಹಳೆಯ ಲೈಸೆನ್ಸ್ ನಂಬರಿನಿಂದಲೇ ಅದನ್ನು ತರಿಸುತ್ತೆ, ಹೆಚ್ಚಿನವರು 3ರಿಂದ 5 ವರ್ಷ ಹಿಂದಕ್ಕೆ ನೋಡ್ತಾರೆ. ಅಪಘಾತದ ಕ್ಲೇಮುಗಳು ಕ್ಲೂ (CLUE) ವರದಿಯಲ್ಲಿ, ಅಂದ್ರೆ ವಿಮಾ ಕಂಪನಿಗಳು ನೋಡೋ ಕ್ಲೇಮ್ ಇತಿಹಾಸದಲ್ಲಿ, 7 ವರ್ಷದವರೆಗೂ ಸಿಗುತ್ತವೆ. ಅರ್ಜಿಯಲ್ಲಿ ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು.

ಉತ್ತರ (ಟ್ರಾಫಿಕ್ ವಕೀಲೆ): ನಿಮಗೆ ಪಾಯಿಂಟಿಗಿಂತ ದೊಡ್ಡ ತೊಂದರೆ ಆ ಕಟ್ಟದ ಟಿಕೆಟ್. ಹೊರರಾಜ್ಯದ ಟಿಕೆಟಿಗೆ ಉತ್ತರ ಕೊಡದವರ ಬಗ್ಗೆ ರಾಜ್ಯಗಳ ನಡುವೆ ಒಪ್ಪಂದವಿದೆ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಎರಡೂ ಅದರಲ್ಲಿವೆ. ಪೆನ್ಸಿಲ್ವೇನಿಯಾ ತಿಳಿಸುತ್ತೆ, ನ್ಯೂಜೆರ್ಸಿ ನಿಮ್ಮ ಲೈಸೆನ್ಸ್ ಅಮಾನತು ಮಾಡುತ್ತೆ. ನೋಟಿಸ್ ದಾಖಲೆಯಲ್ಲಿರೋ ವಿಳಾಸಕ್ಕೇ ಹೋಗೋದರಿಂದ ಮನೆ ಬದಲಿಸಿದವರಿಗೆ ಗೊತ್ತೇ ಆಗಲ್ಲ. ಗೊತ್ತಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಅದು ಬೇರೆಯೇ ಅಪರಾಧ.

ಹೊರಡೋ ಮುಂಚೆಯೇ ಮುಗಿಸಿ. ಮೊದಲು ಟಿಕೆಟ್ ಮೇಲಿರೋ ಕೋರ್ಟಿಗೆ ಫೋನ್ ಮಾಡಿ ಈಗಿನ ಸ್ಥಿತಿ ಕೇಳಿ. ದುಡ್ಡು ಕಟ್ಟೋದು ಅಂದ್ರೆ ತಪ್ಪೊಪ್ಪಿಗೆ, ಹಾಗಾಗಿ ತಪ್ಪನ್ನು ಕಡಿಮೆ ಮಾಡಿಸೋ ಅವಕಾಶ ಇದೆಯಾ ಅಂತ ಕಟ್ಟೋ ಮುಂಚೆ ವಿಚಾರಿಸಿ. ಇತ್ಯರ್ಥವಾದ ಮೇಲೆ ರಸೀದಿ ಇಟ್ಟುಕೊಳ್ಳಿ. ಅಮಾನತು ಆಗಿಹೋಗಿದ್ರೆ ನ್ಯೂಜೆರ್ಸಿಗೆ 100 ಡಾಲರ್ ಪುನಃಸ್ಥಾಪನೆ ಶುಲ್ಕ ಬೇರೆ ಕಟ್ಟಬೇಕು. ಜನ ಎಡವೋದು ಇಲ್ಲೇ: ಕೋರ್ಟಿನ ದಂಡ ಕಟ್ಟಿದ ಮಾತ್ರಕ್ಕೆ ಅಮಾನತು ತಾನಾಗಿ ಇಳಿಯಲ್ಲ. ಆಮೇಲೆ 15 ಡಾಲರ್ ಕೊಟ್ಟು ಡ್ರೈವರ್ ಹಿಸ್ಟರಿ ತೆಗೆಸಿ, ತೆರವಾಗಿದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಲೈಸೆನ್ಸಿಗೆ 90 ದಿನ ಸಮಯ ಇದೆ, ಕಾರಿನ ನೋಂದಣಿಗೆ 30 ದಿನ ಮಾತ್ರ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಟ್ರಾಫಿಕ್ ತಪ್ಪುಗಳ ಮಾಹಿತಿಯನ್ನ ರಾಜ್ಯಗಳು ಹಂಚಿಕೊಳ್ಳೋಕೆ ಡ್ರೈವರ್ ಲೈಸೆನ್ಸ್ ಒಪ್ಪಂದ ಅಂತ ಇನ್ನೊಂದಿದೆಯಲ್ಲ, ಜಾರ್ಜಿಯಾ ಅದರಲ್ಲೇ ಇಲ್ಲವಂತೆ. ಅಲ್ಲಿಗೆ ಹೋದವರು ಬಚಾವಾ?

ಉತ್ತರ (ಟ್ರಾಫಿಕ್ ವಕೀಲೆ): ಇಲ್ಲ. ಅದು ಆ ಒಪ್ಪಂದದಲ್ಲಿಲ್ಲ ಅನ್ನೋದು ಸರಿ, ಮಿಷಿಗನ್, ವಿಸ್ಕಾನ್ಸಿನ್ ಕೂಡ ಇಲ್ಲ. ಆದರೆ ನ್ಯಾಷನಲ್ ಡ್ರೈವರ್ ರಿಜಿಸ್ಟರ್ 50 ರಾಜ್ಯಗಳಿಗೂ ಅನ್ವಯ. ಅದರಲ್ಲಿ ಮಾಮೂಲಿ ಸ್ಪೀಡಿಂಗ್ ಇರಲ್ಲ. ಅಮಾನತು, ರದ್ದತಿ, ಕುಡಿದು ಓಡಿಸಿದಂಥ ಗಂಭೀರ ತಪ್ಪುಗಳಿದ್ದರೆ ಯಾವ ರಾಜ್ಯವನ್ನು ಕೇಳಬೇಕು ಅಂತ ತೋರಿಸುತ್ತೆ. ಅಮಾನತು ಕಂಡರೆ, ಹಳೆಯ ರಾಜ್ಯ ತೆರವು ಮಾಡೋವರೆಗೂ ಹೊಸ ಲೈಸೆನ್ಸ್ ಕೌಂಟರಿನಲ್ಲೇ ನಿಲ್ಲುತ್ತೆ.

ನಮ್ಮವರಿಗೆ ಒಂದು ಮಾತು. ಆ ರಿಜಿಸ್ಟರಿನಲ್ಲಿ ಹುಡುಕಾಟ ಹೆಸರು, ಜನ್ಮದಿನಾಂಕದ ಮೇಲೆ ನಡೆಯುತ್ತೆ. ಇನಿಷಿಯಲ್ ಬಿಡಿಸಿ ಬರೆದದ್ದು, ತಂದೆ ಹೆಸರು ಹಿಂದೆ ಮುಂದೆ ಆದದ್ದು ಹೊಂದಾಣಿಕೆಗೆ ತೊಡಕಾಗಬಹುದು. ಒಂದೇ ಹೆಸರು, ಒಂದೇ ಹುಟ್ಟಿದ ದಿನ ಇರೋ ಬೇರೆಯವರ ಅಮಾನತು ನಿಮ್ಮ ಅರ್ಜಿಗೆ ತಗಲಿಕೊಂಡ ಹಾಗೆ ಕಂಡರೆ ಗಾಬರಿ ಬೇಡ. ಯಾವ ರಾಜ್ಯದ ದಾಖಲೆ ಅಂತ ಕೌಂಟರಿನಲ್ಲೇ ಕೇಳಿ, ಅದು ನಿಮ್ಮದಲ್ಲ ಅಂತ ಆ ರಾಜ್ಯದಿಂದ ಪತ್ರ ತರಿಸಿ.